ಬುಡಾಪೆಸ್ಟಿನವಳು ಮತ್ತು ಮೂಲೆಯ ಚೀಲಗಳು

ನನಗೊಂದು ಚಟವಿದೆ. ಯಾವುದಾದರೂ ದೇಶದ ರಾಜಧಾನಿಯ ಹೆಸರು ಕಿವಿಗೆ ಬಿದ್ದರೆ ಸಾಕು, ನಾಲಿಗೆ ತಾನಾಗಿಯೇ ಅದರ ನದಿಯನ್ನೂ ಕೈಗಾರಿಕೆಗಳನ್ನೂ ಒಪ್ಪಿಸಿಬಿಡುತ್ತದೆ. ಟಿವಿಯಲ್ಲಿ ವಾರ್ತೆ ಓದುವವಳು ‘ಲಂಡನ್’ ಎಂದರೆ ನಾನು ಅಡುಗೆಮನೆಯಿಂದಲೇ ‘ಥೇಮ್ಸ್, ಹಡಗು, ಮುದ್ರಣ, ಬಟ್ಟೆ’ ಎನ್ನುತ್ತೇನೆ. ‘ಯಾರ ಜೋಡಿ ಮಾತಾಡಾಕತ್ತಿ?’ ಎಂದು ನಮ್ಮ ಯಜಮಾನರು ಮೊದಮೊದಲು ಕೇಳುತ್ತಿದ್ದರು. ಈಗ ಕೇಳುವುದಿಲ್ಲ. ಟಿವಿಯ ಧ್ವನಿ ಸ್ವಲ್ಪ ಏರಿಸುತ್ತಾರೆ, ಅಷ್ಟೇ.

ಈ ಚಟ ಅಂಟಿದ್ದು ಹಾವೇರಿಯ ಸಾಲೆಯಲ್ಲಿ. ನಮ್ಮ ಭೂಗೋಳದ ಮಾಸ್ತರು ಮಗ್ಗಿಯಂತೆಯೇ ರಾಜಧಾನಿಗಳನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ತಪ್ಪಿದವರು ಬೆಂಚಿನ ಮೇಲೆ ನಿಲ್ಲಬೇಕು. ಪ್ಯಾರಿಸ್ಸಿಗೆ ಥೇಮ್ಸ್ ನದಿ ಹರಿಸಿದ ತಪ್ಪಿಗೆ ನಾನು ಒಂದಿಡೀ ಪಿರಿಯಡ್ ನಿಂತೆ. ನಿಂತದ್ದರಿಂದ ಒಂದು ಲಾಭವಾಯಿತು. ಕಿಟಕಿಯಾಚೆ ಏಲಕ್ಕಿ ಹಾರ ಕಟ್ಟುವವರ ಮನೆಯ ಪಡಸಾಲೆ ಪೂರ್ತಿ ಕಾಣುತ್ತಿತ್ತು. ಒಬ್ಬ ಮುದುಕ ಒಂದೊಂದೇ ಏಲಕ್ಕಿಯನ್ನು ಬೆಳಕಿಗೆ ಹಿಡಿದು ನೋಡುತ್ತ, ಹುಳುಕಿದ್ದನ್ನು ಪಕ್ಕಕ್ಕಿಡುತ್ತ, ಉಳಿದದ್ದನ್ನು ರೇಷ್ಮೆ ದಾರಕ್ಕೆ ಪೋಣಿಸುತ್ತಿದ್ದ. ನನ್ನ ತಲೆಯಲ್ಲಿ ಯುರೋಪಿನ ಊರುಗಳಿಗೆಲ್ಲ ಇಂದಿಗೂ ಏಲಕ್ಕಿಯ ವಾಸನೆ ಇರುವುದು ಇದರಿಂದಲೇ ಇರಬೇಕು.

ಮದುವೆಯಾಗಿ ಬ್ಯಾಡಗಿಗೆ ಬಂದೆ. ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಸಮಾಜ ಕಲಿಸುತ್ತಿದ್ದೇನೆ. ಮಾಸ್ತರು ನಮಗೆ ಬರೆಸಿದ್ದ ಟಿಪ್ಪಣಿಯನ್ನೇ ನಾನೂ ಮಕ್ಕಳಿಗೆ ಬರೆಸಿದೆ. ‘ಬುಡಾಪೆಸ್ಟ್: ಹಂಗೇರಿಯ ರಾಜಧಾನಿ. ಡ್ಯಾನ್ಯೂಬ್ ನದಿಯ ಎರಡೂ ದಂಡೆಗಳ ಮೇಲಿದೆ. ಹಿಟ್ಟಿನ ಗಿರಣಿ, ಯಂತ್ರೋಪಕರಣ, ವಿದ್ಯುದ್ದೀಪ ಮತ್ತು ಔಷಧಿ ತಯಾರಿಕೆಗೆ ಪ್ರಸಿದ್ಧ.’ ಮೆಣಸಿನಕಾಯಿ ಸುಗ್ಗಿಯಲ್ಲಿ ಪ್ಯಾಟಿಯ ಘಾಟು ಕಿಟಕಿಯಿಂದ ಒಳಗೆ ಬರುತ್ತದೆ. ಮಕ್ಕಳು ಸೀನುತ್ತ ಬರೆಯುತ್ತವೆ, ನಾನು ಸೀನುತ್ತ ಹೇಳುತ್ತೇನೆ. ಅಲ್ಲಿ ಈಗಲೂ ಹಿಟ್ಟು ಬೀಸುತ್ತಾರೋ ಇಲ್ಲವೋ ಎಂದು ಒಮ್ಮೆಯೂ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಮೈದುನ ಮಹಾಂತೇಶ ಫೋನ್ ಮಾಡಿದ. ಅವನದು ಮೆಣಸಿನಕಾಯಿ ವ್ಯಾಪಾರ. ಪ್ಯಾಟಿಯ ಆಚೆ ದೊಡ್ಡದೊಂದು ಶೆಡ್ ಇದೆ. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಾರೆ.

“ವೈನಿ, ನಾಳೆ ಸಾಲಿಗೆ ರಜಾ ಹಾಕ್ರಿ. ಬುಡಾಪೆಸ್ಟಿನಿಂದ ಒಬ್ಬಾಕಿ ಮಾಲು ನೋಡಾಕ ಬರಾಕತ್ತಾಳ. ಮಾತಾಡಸೋ ಏಜೆಂಟಗ ಜ್ವರ ಬಂದೈತಿ. ನಮ್ಮನ್ಯಾಗ ಇಂಗ್ಲಿಷ್ ಬರೋದು ನಿಮಗೊಬ್ಬರಿಗೆ.”

“ಡ್ಯಾನ್ಯೂಬ್,” ಎಂದೆ.

“ಏನಂದ್ರಿ?”

“ಏನಿಲ್ಲ. ಬರ್ತೀನಿ.”

ನನಗೆ ಆದ ಸಂಭ್ರಮ ಹೇಳತೀರದು. ಇಷ್ಟು ವರ್ಷ ಬಾಯಿಪಾಠವಾಗಿದ್ದ ಊರೊಂದು ಮನುಷ್ಯಳಾಗಿ ಬ್ಯಾಡಗಿಗೆ ಬರುತ್ತಿದೆ! ಬೀರುವಿನಿಂದ ಇಳಕಲ್ ಸೀರೆ ತೆಗೆದೆ. ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ನಾಲ್ಕು ಸ್ವಾಗತದ ಮಾತು ಆಡಿ ನೋಡಿದೆ. ಐದನೆಯದಕ್ಕೆ ವ್ಯಾಕರಣ ತಪ್ಪಿತು, ಕೈಬಿಟ್ಟೆ.

ಬಂದವಳ ಹೆಸರು ಇಲೋನಾ. ಅರವತ್ತರ ಆಸುಪಾಸು, ಗಿಡ್ಡ ಕತ್ತರಿಸಿದ ಬಿಳಿಗೂದಲು, ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಮಸಾಲೆ ಪುಡಿ ಬೆರೆಸುವ ಕಂಪನಿಯೊಂದರಲ್ಲಿ ಮಾಲು ಪರೀಕ್ಷಿಸುವ ಕೆಲಸ. ಅವರ ಅಡುಗೆಗೆ ಕೆಂಪು ಪುಡಿ ಇಲ್ಲದಿದ್ದರೆ ನಡೆಯುವುದೇ ಇಲ್ಲವಂತೆ, ಆದರೆ ಖಾರ ಹೆಚ್ಚು ಬೇಡ. ಬಣ್ಣ ಗಾಢ, ಖಾರ ಮಿತ. ಅಂಥದ್ದು ಬೇಕೆಂದರೆ ಬ್ಯಾಡಗಿಗೇ ಬರಬೇಕಲ್ಲ! ಮಹಾಂತೇಶ ಹಾವೇರಿಯಿಂದ ತರಿಸಿದ್ದ ಏಲಕ್ಕಿ ಹಾರ ಹಾಕಿದ. ಆಕೆ ಅದನ್ನು ಮೂಸಿ ನೋಡಿ, ತೆಗೆಯದೆ, ದಿನವೆಲ್ಲ ಕೊರಳಲ್ಲಿ ಹಾಕಿಕೊಂಡೇ ಓಡಾಡಿದಳು.

ಮಹಾಂತೇಶ ಕಚೇರಿಯಲ್ಲಿ ಕುರ್ಚಿ ಹಾಕಿಸಿ, ತಟ್ಟೆಯಲ್ಲಿ ಗೋಡಂಬಿ ಇಡಿಸಿದ್ದ. ಆಕೆ ಕೂರಲಿಲ್ಲ. ನೇರ ಶೆಡ್ಡಿಗೆ ನಡೆದು ಕಾಶವ್ವನ ಪಕ್ಕ ನೆಲಕ್ಕೇ ಕೂತುಬಿಟ್ಟಳು. ಕಾಶವ್ವ ಮೋಟೆಬೆನ್ನೂರಿನವಳು. ನಮ್ಮ ಮಾವನವರ ಕಾಲದಿಂದ ಈ ಶೆಡ್ಡಿನಲ್ಲಿ ತೊಟ್ಟು ಬಿಡಿಸುತ್ತಿದ್ದಾಳೆ. ಎಲ್ಲರಿಗಿಂತ ಹಿರಿಯಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ, ಬೀಜದ ಸದ್ದಿನ ಮೇಲೆಯೇ ಅದು ಒಣಗಿದೆಯೋ ಇಲ್ಲವೋ ಹೇಳುವವಳು.

“ಟೀಚರ್ರ, ಆಕಿ ಊರು ಎಂಥಾದ್ದು ಅಂತ ಕೇಳ್ರಿ,” ಎಂದಳು ಕಾಶವ್ವ. “ಅಲ್ಲಿ ಹೆಣ್ಮಕ್ಕಳಿಗೆ ಏನ್ ಕೆಲಸ ಸಿಗತೈತಿ?”

ಕೇಳಬೇಕಾದವಳು ನಾನು. ಕೇಳಲಿಲ್ಲ, ನಾನೇ ಉತ್ತರ ಕೊಟ್ಟೆ. “ಅಲ್ಲಿ ದೊಡ್ಡ ದೊಡ್ಡ ಹಿಟ್ಟಿನ ಗಿರಣಿ ಅದಾವ ಕಾಶವ್ವ, ಯಂತ್ರದ ಕಾರ್ಖಾನಿ ಅದಾವ, ಬಲ್ಬ್ ಮಾಡ್ತಾರ...” ಹೇಳಿ ಮುಗಿಸಿ, ನಾನೇನು ಹೇಳಿದೆನೆಂದು ಹೆಮ್ಮೆಯಿಂದ ಇಲೋನಾಗೂ ಇಂಗ್ಲಿಷಿನಲ್ಲಿ ತಿಳಿಸಿದೆ.

ಆಕೆ ನಕ್ಕಳು. ನಕ್ಕದ್ದಕ್ಕೆ ಘಾಟು ಮೂಗಿಗೇರಿ ಸೀನಿದಳು. ಸೀನು ನಿಂತ ಮೇಲೆ ಮತ್ತೆ ನಕ್ಕಳು. ಆ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತಂತೆ. ನದಿ ದಂಡೆಯ ಒಂದು ಗಿರಣಿಯಲ್ಲಿ ಆಕೆಯ ಅಜ್ಜ ಹಿಟ್ಟು ಜರಡಿ ಹಿಡಿಯುವ ಅಂತಸ್ತಿನಲ್ಲಿ ದುಡಿಯುತ್ತಿದ್ದ. ಮನೆಗೆ ಬಂದಾಗ ಹುಬ್ಬು ಕೂಡ ಬೆಳ್ಳಗಿರುತ್ತಿತ್ತು. ಈಗ ಆ ಗಿರಣಿಯನ್ನು ಮನೆಗಳಾಗಿ ಮಾರ್ಪಡಿಸಿದ್ದಾರೆ. ಅಜ್ಜ ಜರಡಿ ಹಿಡಿದ ಅದೇ ಅಂತಸ್ತಿನಲ್ಲಿ ಆಕೆಯ ಅಕ್ಕನ ಮಗಳು ಬಾಡಿಗೆಗೆ ಇದ್ದಾಳೆ. ನಿದ್ದೆ ಚೆನ್ನಾಗಿ ಬರುತ್ತದಂತೆ. ಬಸ್ಸು ತಯಾರಿಸುವ ಕಾರ್ಖಾನೆಯೂ ಹೋಯಿತು, ಕಬ್ಬಿಣದ್ದೂ ಹೋಯಿತು. ಔಷಧಿಯವು ಇನ್ನೂ ಇವೆ. ಸಿನಿಮಾದವರು ಬಂದು ಬೀದಿಗಳನ್ನು ಬಾಡಿಗೆಗೆ ಹಿಡಿದು, ಅವನ್ನು ಬೇರೆ ಊರೆಂದು ತೋರಿಸುತ್ತಾರೆ. ಉಳಿದವರು ಪ್ರವಾಸಿಗರಿಗೆ ಕಾಫಿ ಕೊಡುತ್ತಾರೆ.

ಇಷ್ಟು ವರ್ಷ! ಎಷ್ಟು ಮಕ್ಕಳ ಕೈಯಲ್ಲಿ ನಾನು ಮುಚ್ಚಿದ ಗಿರಣಿಯ ಹಿಟ್ಟು ಬೀಸಿಸಿದೆನೋ.

ಇಲೋನಾ ಮಾತು ಮುಂದುವರಿಸಿದಳು. ಊರು ಮೊದಲು ಒಂದಾಗಿರಲಿಲ್ಲ. ಬುಡಾ, ಹಳೇ ಬುಡಾ, ಪೆಸ್ಟ್ ಎಂದು ಮೂರಿದ್ದವು, ಸೇರಿಸಿ ಒಂದು ಮಾಡಿದರು. ಗುಡ್ಡದ ಮೇಲಿನ ಬುಡಾದವರಿಗೆ ಬಯಲಿನ ಪೆಸ್ಟಿನವರು ಗದ್ದಲದವರು. ಪೆಸ್ಟಿನವರಿಗೆ ಬುಡಾದವರು ಸೊಕ್ಕಿನವರು. ಇದನ್ನು ಕನ್ನಡದಲ್ಲಿ ಹೇಳಿದಾಗ ಶೆಡ್ಡಿನ ಹೆಣ್ಣುಮಕ್ಕಳೆಲ್ಲ ನಕ್ಕರು. ರಾಣೆಬೆನ್ನೂರಿನಿಂದ ಸೊಸೆಯಾಗಿ ಬಂದವಳೊಬ್ಬಳು, “ಹಾವೇರಿಯವರ್ದೂ ನಮ್ದೂ ಇದ ಕತಿ. ಊರು ದೊಡ್ಡದು ನಮ್ದು, ಜಿಲ್ಲಾ ಆದದ್ದು ಅವರ್ದು,” ಎಂದಳು. ನಾನು ಹಾವೇರಿಯವಳು. ಇದನ್ನು ಇಲೋನಾಗೆ ಅನುವಾದಿಸಲಿಲ್ಲ.

“ಈಕಿ ಅವ್ವ ಏನ್ ಮಾಡ್ತಿದ್ಳಂತ?” ಕಾಶವ್ವ ಕೇಳಿದಳು.

ತಾಯಿ ಬಲ್ಬಿನ ಕಾರ್ಖಾನೆಯಲ್ಲಿದ್ದಳು. ಒಳಗಿನ ತಂತಿ ಸರಿಯಾಗಿ ಕೂತಿದೆಯೇ ಎಂದು ದಿನವಿಡೀ ಉರಿಯುವ ಬಲ್ಬು ನೋಡುವ ಕೆಲಸ.

“ಕಣ್ಣು ಹೋಗಿರಬೇಕು,” ಎಂದಳು ಕಾಶವ್ವ.

ನಾನು ಇಂಗ್ಲಿಷಿಗೆ ತರುವ ಮೊದಲೇ ಇಲೋನಾ ಕಾಶವ್ವನ ಮುಖ ನೋಡಿ ತಲೆಯಾಡಿಸಿದಳು. ಹೌದು, ಹೋದವು. ಕಾಶವ್ವ ‘ಹಿಂಗ ನೋಡು ನಮ್ದೂ’ ಎನ್ನುವಂತೆ ತನ್ನ ಅಂಗೈ ಚಾಚಿದಳು. ವರ್ಷಗಟ್ಟಲೆ ಖಾರ ಮುಟ್ಟಿ ಸುಟ್ಟ ಕೈ. ಆದರೆ ನನ್ನ ಕಣ್ಣು ಬಿದ್ದದ್ದು ಬೇರೆಡೆ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಗುಲಾಬಿ ಬಣ್ಣ. ಮೆಣಸಿನಕಾಯಿಯದು ಇಟ್ಟಿಗೆಗೆಂಪು. ಇದು ಜಾತ್ರೆಯ ಸಕ್ಕರೆ ಬೆಂಡಿನ ಗುಲಾಬಿ. ನಾನು ನೋಡಿದ್ದನ್ನು ಕಾಶವ್ವ ನೋಡಿದಳು. ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ಚಹಾ ಬಂದಾಗ ಇಲೋನಾ ಎದ್ದು ಚೀಲಗಳ ಸಾಲಿನತ್ತ ಹೋದಳು. ಕಾಶವ್ವ ನನ್ನ ಕಿವಿಯ ಹತ್ತಿರ ಬಂದಳು.

“ಟೀಚರ್ರ, ಆ ಮೂಲ್ಯಾಗಿನ ಚೀಲ ಮುಟ್ಟದಂಗ ನೋಡಕೊಳ್ರಿ. ಹಳೇ ಮಾಲು ಅದು. ಬಣ್ಣದ ನೀರು ಹೊಡ್ಸ್ಯಾರ. ನಿಮ್ಮ ಮನಿ ಮಾನ ಹೋಗ್ತೈತಿ.”

ಚಹಾ ಕುಡಿಯದೆಯೇ ಬಸಿ ಕೆಳಗಿಟ್ಟೆ. ಮಹಾಂತೇಶನ ಕಡೆ ನೋಡಿದೆ. ಅವನು ಇಲೋನಾಳ ಹಿಂದೆ ಹಿಂದೆಯೇ ನಡೆಯುತ್ತ, ಹೊಸ ಮಾಲಿನ ಚೀಲಗಳನ್ನು ತಾನೇ ಬಿಚ್ಚಿ ತೋರಿಸುತ್ತಿದ್ದ. ಆ ಸಾಲಿನ ಮುಂದೆ ಆಕೆಯನ್ನು ನಿಲ್ಲಿಸಿಕೊಳ್ಳಲು ಅವನು ಪಡುತ್ತಿದ್ದ ಪಾಡು ಈಗ ನನಗೆ ಅರ್ಥವಾಯಿತು. ಇಲೋನಾ ಕ್ಯಾನ್ವಾಸ್ ಚೀಲದಿಂದ ಬಿಳಿ ಬಟ್ಟೆಯ ಚೂರುಗಳನ್ನು ತೆಗೆದಳು. ಒಂದನ್ನು ನೀರಿನಲ್ಲಿ ಅದ್ದಿ ಕಾಯಿಯ ಮೇಲೆ ಒರೆಸಿದಳು. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಚೀಲ. ಬಿಳಿ. ಮತ್ತೊಂದು. ಬಿಳಿ. ಮೆಣಸಿನಕಾಯಿಯ ಸ್ವಂತ ಬಣ್ಣ ಬರೀ ನೀರಿಗೆ ಬಿಡುವುದಿಲ್ಲವೆಂದು ಆಕೆ ನನಗೆ ಪಾಠದಂತೆ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ.

ಆಕೆ ಮೂಲೆಯ ಕಡೆ ತಿರುಗಿದಳು.

“ಅದು ಬ್ಯಾರೆಯವರ ಮಾಲು ಅನ್ರಿ ವೈನಿ,” ಎಂದ ಮಹಾಂತೇಶ, ಅವಸರದಲ್ಲಿ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಚೀಲದ ಬಾಯಿ ಬಿಚ್ಚಿಯಾಗಿತ್ತು. ಚೀಲದ ಮೇಲೆ ಅವನದೇ ಅಂಗಡಿಯ ಮುದ್ರೆ ಇತ್ತು. ಆಕೆ ಬಟ್ಟೆ ಒದ್ದೆ ಮಾಡಿದಳು, ಒರೆಸಿದಳು, ತಿರುಗಿಸಿ ನೋಡಿದಳು. ಗುಲಾಬಿ.

ತೊಟ್ಟು ಮುರಿಯುವ ಚಟಚಟ ಸದ್ದು ನಿಂತಿತು. ಇಷ್ಟು ಜನ ಹೆಣ್ಣುಮಕ್ಕಳಿದ್ದ ಶೆಡ್ಡಿನಲ್ಲಿ ಯಾರೂ ಸೀನಲೂ ಇಲ್ಲ.

ಇದಕ್ಕೆ ಏನಾದರೂ ಹಚ್ಚಿದ್ದಾರೆಯೇ ಎಂದು ಕೇಳಿ ಎಂದಳು ಇಲೋನಾ. ಕೇಳಿದೆ.

“ಏನೂ ಹಚ್ಚಿಲ್ಲ ಅಂತ ಹೇಳ್ರಿ.” ಅವನ ಹಣೆಯಲ್ಲಿ ಬೆವರು. “ತೊಳಿಯಾಕ ಹೋಗಿ ಹಂಗಾಗೈತಿ ಅನ್ರಿ. ಏನರ ಹೇಳ್ರಿ.”

ನಾನು ವ್ಯಾಕರಣದ ಮರೆಗೆ ಹೋದೆ. “ಏನೂ ಹಚ್ಚಿಲ್ಲ ಎಂದು ಅವನು ಹೇಳುತ್ತಾನೆ,” ಎಂದೆ. ಸುಳ್ಳು ಅವನದು, ಅನುವಾದ ಮಾತ್ರ ನನ್ನದು ಎಂಬ ಲೆಕ್ಕ.

ಇಲೋನಾ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. “ಮತ್ತೆ ನೀವು? ನೀವೇನು ಹೇಳುತ್ತೀರಿ?” ಎಂದಳು.

“ಏನಂತಾಳ್ರಿ ವೈನಿ?” ಮಹಾಂತೇಶ ಕೇಳಿದ. “ಏನಂತಾಳ?” ಮತ್ತೆ ಕೇಳಿದ, ಈ ಸಲ ‘ರಿ’ ಇಲ್ಲದೆ.

ಮಹಾಂತೇಶ ಪಿಯುಸಿ ಓದುತ್ತಿದ್ದಾಗ ನಾನು ಈ ಮನೆಗೆ ಸೊಸೆಯಾಗಿ ಬಂದೆ. ನನ್ನ ಹೆರಿಗೆಯ ಹೊತ್ತಿಗೆ, ಸುರಿಯುವ ಮಳೆಯಲ್ಲಿ ರಾಣೆಬೆನ್ನೂರಿನ ತನಕ ಜೀಪಿನ ಹಿಂದೆ ಜೋತುಬಿದ್ದು ಬಂದವನು ಅವನು. ಅವನ ಮಾನ ಈಗ ನನ್ನ ನಾಲಿಗೆಯ ಮೇಲಿತ್ತು. ಇನ್ನೊಂದು ಕಡೆ ಸೆರಗಿನೊಳಗೆ ಅಡಗಿದ ಆ ಕೈ. ಆ ಪುಡಿ ತಿನ್ನುವವರು ಯಾರೋ, ಯಾವ ಊರಿನ ಮಕ್ಕಳೋ. ನನ್ನ ಇಂಗ್ಲಿಷ್ ಪೂರ್ತಿ ಕೈಕೊಟ್ಟಿತು. ಉಳಿದದ್ದು ಎರಡೇ ಶಬ್ದ. “ಬಣ್ಣ ಹಾಕಿದ್ದಾರೆ,” ಎಂದುಬಿಟ್ಟೆ. ತಕ್ಷಣ ಮಹಾಂತೇಶನ ಕಡೆ ತಿರುಗಿ, “ಬಣ್ಣ ಹಾಕ್ಯಾರಂತ ಹೇಳೀನಿ, ಮಾಂತೇಶ,” ಎಂದೆ. ಅವನ ಬೆನ್ನ ಹಿಂದೆ ಇಂಗ್ಲಿಷಿನಲ್ಲಿ ಅವನನ್ನು ಬಿಟ್ಟುಕೊಟ್ಟೆ ಅನ್ನಿಸಬಾರದಲ್ಲ.

ಅವನು ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಹೊರಗೆ ಹೋದ.

ಇಲೋನಾ ಆ ಬಟ್ಟೆಯನ್ನು ಮಡಿಚಿ ಲಕೋಟೆಗೆ ಹಾಕಿದಳು. ಆಮೇಲೆ ಉಳಿದ ಒಂದೊಂದು ಚೀಲವನ್ನೂ ಬಿಡದೆ ಒರೆಸಿ ನೋಡಿದಳು. ಶುದ್ಧವಿದ್ದವಕ್ಕೆ ಮಾತ್ರ ಚೀಟಿ ಕಟ್ಟಿದಳು. ಮೂಲೆಯ ಚೀಲಗಳನ್ನು ತನ್ನ ಕಣ್ಣೆದುರಿಗೇ ಹಾಳು ಮಾಡಬೇಕು, ಇಲ್ಲದಿದ್ದರೆ ಯಾವುದನ್ನೂ ಕೊಳ್ಳುವುದಿಲ್ಲ ಎಂದಳು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹಮಾಲರು ಹಿತ್ತಲ ಗುಂಡಿಗೆ ಸುರಿದು, ಸುಣ್ಣ ಹಾಕಿ, ಮಣ್ಣು ಮುಚ್ಚಿದರು. ಹೊರಡುವಾಗ ಕಾರಿನ ಬಾಗಿಲಲ್ಲಿ ಆಕೆ ನನಗೆ ಹೇಳಿದಳು: “ನಮ್ಮೂರಿನವರು ಗಂಟುಮುಖದವರು. ಯಾವಾಗಲೂ ಗೊಣಗುತ್ತಾರೆ. ಆದರೆ ಬಿಸಿನೀರಿನ ಹೊಂಡಗಳಿವೆ, ಅಲ್ಲಿ ಅಪರಿಚಿತರೂ ಎದುರುಬದುರು ಕೂತು ಚದುರಂಗ ಆಡುತ್ತಾರೆ. ಒಮ್ಮೆ ಬನ್ನಿ.” ನಾನು ಗಂಟುಮುಖದಲ್ಲೇ ‘ಆಗಲಿ’ ಎಂದೆ.

ಅಂದಿನಿಂದ ಮಹಾಂತೇಶ ನನ್ನೊಂದಿಗೆ ಮಾತು ಬಿಟ್ಟ. ನಮ್ಮ ಮನೆಗಳ ನಡುವೆ ಒಂದೇ ಗೋಡೆ. ಅವನ ಬೈಕಿನ ಸದ್ದು ಕೇಳಿದರೆ ನಾನು ಅಂಗಳದಿಂದ ಒಳಗೆ ಬರುತ್ತಿದ್ದೆ. ನಮ್ಮ ಯಜಮಾನರು, “ನೀ ಹೇಳಿದ್ದು ಬರೋಬ್ಬರಿ. ಆದ್ರ ಅಂವ ನನ್ನ ತಮ್ಮ,” ಎಂದು ಎರಡೂ ಕಡೆಗೆ ನ್ಯಾಯ ಹೇಳಿ ಪೇಪರು ಓದತೊಡಗಿದರು. ನಾನಾದರೋ ಒಳಗೊಳಗೇ ಬೀಗುತ್ತಿದ್ದೆ. ಸತ್ಯ ಹೇಳಿ ಕಷ್ಟಪಡುತ್ತಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಹದಿನೈದು ದಿನ ಕಳೆದಿರಬೇಕು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ಹಾಜರಿ ಹೇಳಿ ಕೂರುತ್ತ, “ಟೀಚರ್, ಕಾಶವ್ವಜ್ಜೀನ ಕೆಲಸದಿಂದ ಬಿಡಿಸ್ಯಾರ್ರಿ,” ಎಂದಳು. ಅವಳ ತಾಯಿಯೂ ಅದೇ ಶೆಡ್ಡಿಗೆ ಹೋಗುತ್ತಾಳೆ. ನನಗೆ ಆ ಪಿರಿಯಡ್ಡಿನಲ್ಲಿ ಏನು ಕಲಿಸಿದೆನೋ ನೆನಪಿಲ್ಲ.

ರವಿವಾರ ಬಸ್ಸು ಹಿಡಿದು ಮೋಟೆಬೆನ್ನೂರಿಗೆ ಹೋದೆ. ಕಾಶವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೈಯ ಬಣ್ಣ ಹೋಗಿತ್ತು.

“ಬರ್ರಿ ಟೀಚರ್ರ, ಕುಂದ್ರಿ,” ಎಂದಳು. ನಾನು ಕೂತೆ. ಆಕೆ ಮೊರದಲ್ಲಿನ ಕಲ್ಲು ಆರಿಸುತ್ತಲೇ ಇದ್ದಳು. “ನಾನ ಚಾಡಿ ಹೇಳೀನಿ ಅಂದ್ರು ಸಾವ್ಕಾರ್ರು. ನಾ ಇಲ್ಲ ಅನ್ಲಿಲ್ಲ.”

“ಕಾಶವ್ವ, ನಾ ಹೋಗಿ ಹೇಳ್ತೀನಿ...”

“ನಿಮ್ಮ ಮನಿ ಮಾನ ಉಳೀಲಿ ಅಂತ ನಾ ನಿಮಗ ಹೇಳಿದೆ. ನೀವು ಆಕಿಗೆ ಹೇಳಿದ್ರಿ. ಖರೇ ಹೇಳಿದ್ರಿ, ಚಲೋ ಮಾಡಿದ್ರಿ. ಆದ್ರ ಖರೇ ಹೇಳಿ ನೀವು ಸಾಲಿಗೆ ಹೋದ್ರಿ. ನಾ ಮನ್ಯಾಗ ಕುಂತೆ.”

ಬೆಂಚಿನ ಮೇಲೆ ನಿಂತಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಆ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಹದಿನೈದು ದಿನದಲ್ಲಿ ಒಮ್ಮೆಯಾದರೂ ನಾನು ಆಕೆಯನ್ನು ನೆನೆದಿದ್ದೆನೇ? ನೆನೆದದ್ದು ನನ್ನ ಸತ್ಯವನ್ನು ಮಾತ್ರ.

ಅಲ್ಲಿಂದ ನೇರ ಮಹಾಂತೇಶನ ಅಂಗಡಿಗೆ ಹೋದೆ. ಗಾದಿಯ ಮೇಲೆ ಒಬ್ಬನೇ ಕೂತಿದ್ದ. ನನ್ನನ್ನು ಕಂಡು ಮೊಬೈಲು ಕೈಗೆತ್ತಿಕೊಂಡ.

“ಕಾಶವ್ವ ನನಗೇನೂ ಹೇಳಿಲ್ಲ,” ಎಂದೆ. “ಆಕಿ ಕೈ ನೋಡಿ ನಾನ ತಿಳಕೊಂಡೆ.”

ಅರ್ಧ ನಿಜ, ಅರ್ಧ ಸುಳ್ಳು. ಇಂಗ್ಲಿಷಿನಲ್ಲಿ ಸತ್ಯ ಹೇಳಿದ ಬಾಯಿ ಕನ್ನಡದಲ್ಲಿ ಸುಳ್ಳು ಹೇಳಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಧೈರ್ಯ ಬೇಕಾಯಿತು ಎಂದು ನೀವು ಕೇಳಿದರೆ, ಎರಡನೆಯದಕ್ಕೇ.

“ಹಳೇ ಮಾಲು ಬಣ್ಣ ಮಾಸಿತ್ರಿ,” ಎಂದ ಅವನು, ಮೊಬೈಲು ನೋಡುತ್ತಲೇ. “ಎಲ್ಲಾರೂ ಮಾಡ್ತಾರ.”

“ಎಲ್ಲಾರೂ ಮಾಡಂಗಿಲ್ಲ. ಮಾವನವರು ಮಾಡ್ಲಿಲ್ಲ. ಮತ್ತ ಆ ಬಣ್ಣ ಆಕಿ ಕೈಗೆ ಹತ್ತಿದ್ದು ಯಾರಿಂದ, ಮಾಂತೇಶ? ಬರಿಗೈಲೆ ಕಲಸಾಕ ಹಚ್ಚಿದವರು ಯಾರು?”

ಅವನು ಮೊಬೈಲು ಮಗುಚಿ ಗಾದಿಯ ಮೇಲಿಟ್ಟ. ನಾನು ಎದ್ದು ಬಂದೆ.

ಇಲೋನಾ ಮತ್ತೆ ಬಂದಳೇ ಎಂದು ಕೇಳುತ್ತೀರಿ. ಇಲ್ಲ. ಚೀಟಿ ಕಟ್ಟಿದ ಚೀಲಗಳೇನೋ ಹಡಗು ಹತ್ತಿದವು. ಈ ಸುಗ್ಗಿಗೆ ಮಾತ್ರ ಆ ಕಂಪನಿಯಿಂದ ಯಾರೂ ಬರಲಿಲ್ಲ. ಆದರೆ ನನ್ನ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಳು: ನದಿ ದಂಡೆಯ ಹಳೇ ಗಿರಣಿ, ಅದರ ಕಿಟಕಿಯೊಂದರಲ್ಲಿ ಒಣಗಲು ಹಾಕಿದ ಮಗುವಿನ ಅಂಗಿ. ಅದನ್ನು ತರಗತಿಯಲ್ಲಿ ತೋರಿಸಿದೆ. ಹಳೆಯ ಟಿಪ್ಪಣಿಗೆ ಗೀಟು ಹೊಡೆಸಿದೆ. ಹೊಸದನ್ನು ಬರೆಸುವ ಮೊದಲು, “ಟೀಚರ್, ಇದು ಈಗಿಂದೇನ್ರಿ, ಹಳೇದೇನ್ರಿ?” ಎಂದು ಕೇಳಲು ಮಕ್ಕಳಿಗೆ ನಾನೇ ಕಲಿಸಿದ್ದೇನೆ. ಈಗ ಎಲ್ಲದಕ್ಕೂ ಕೇಳುತ್ತವೆ. ಪಾಠ ಮುಂದೆ ಹೋಗುವುದಿಲ್ಲ.

ಹೇಳಬೇಕಾದದ್ದು ಇನ್ನೊಂದು ಉಳಿದಿದೆ. ನಾನು ಅಂಗಡಿಯಿಂದ ಎದ್ದು ಬಂದ ಮೂರನೆಯ ದಿನ, ಸಾಲೆ ಬಿಡುವ ಹೊತ್ತಿಗೆ ಮಹಾಂತೇಶನ ಕಾರು ಗೇಟಿನ ಮುಂದೆ ನಿಂತಿತ್ತು.

“ಹತ್ರಿ ವೈನಿ. ಮೋಟೆಬೆನ್ನೂರಿಗೆ ಹೋಗೂಣು,” ಎಂದ. “ನಾ ಒಬ್ಬಾವ ಹೋದ್ರ ಆಕಿ ಮಾರಿ ತೋರಸ್ತಾಳೋ ಇಲ್ಲೋ.”

ಕಾಶವ್ವನ ಮನೆಯ ಮುಂದೆ ಅವನು ಕಾರಿನಿಂದಿಳಿದು, ಚಪ್ಪಲಿ ಮೆಟ್ಟಿಕೊಂಡೇ ಹೊಸ್ತಿಲ ಹೊರಗೆ ನಿಂತ. ಕಾಶವ್ವ ಒಳಗೆ ಒಲೆಯ ಮುಂದಿದ್ದಳು.

“ತಪ್ಪಾತು ಕಾಶವ್ವ. ನಾಳಿಂದ ಬಾ,” ಎಂದ ಒಂದೇ ಉಸಿರಿಗೆ, ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ.

ಕಾಶವ್ವ ರೊಟ್ಟಿ ಮಗುಚಿ ಹಾಕಿದಳು. ತಿರುಗಿ ನೋಡಲಿಲ್ಲ.

“ಬಾಗಿಲಾಗ ನಿಂತು ಹೇಳೂ ಮಾತಲ್ಲ ಅದು, ಸಾವ್ಕಾರ್ರ. ಒಳಗ ಬಂದು ಕುಂತು ಹೇಳ್ರಿ.”

ಅಪ್ಪನ ಕಾಲದಿಂದ ದುಡಿದವಳ ಮನೆಯೊಳಗೆ ಮಹಾಂತೇಶ ಅಂದಿನವರೆಗೆ ಕಾಲಿಟ್ಟಿರಲಿಲ್ಲ. ನಾನೂ ಕಟ್ಟೆ ದಾಟಿರಲಿಲ್ಲ ಎಂಬುದು ಆಗಲೇ ನೆನಪಾಯಿತು. ಅವನು ನನ್ನ ಮುಖ ನೋಡಿದ. ನಾನು ಏನೂ ಅನುವಾದಿಸಲಿಲ್ಲ. ಅವನೇ ಚಪ್ಪಲಿ ಕಳಚಿ, ಬಗ್ಗಿ ಒಳಗೆ ಹೋಗಿ, ಚಾಪೆಯ ಮೇಲೆ ಕೂತ. ಕಾಶವ್ವ ಒಲೆಯ ಉರಿ ತಗ್ಗಿಸಿ, ಎದುರಿಗೆ ಕೂತು, “ಹೂಂ, ಹೇಳ್ರಿ,” ಎಂದಳು.

ನಿಂತು ಹೇಳಿದಾಗ ಒಂದೇ ಉಸಿರಿಗೆ ಮುಗಿದಿದ್ದ ಮಾತಿಗೆ, ಕೂತು ಹೇಳುವಾಗ ಮಹಾಂತೇಶನಿಗೆ ಬಹಳ ಹೊತ್ತು ಹಿಡಿಯಿತು. ಎರಡು ಸಲ ತಡವರಿಸಿದ, ಒಮ್ಮೆ ನಿಲ್ಲಿಸಿ ನೀರು ಕುಡಿದ. ಕಾಶವ್ವ ಪೂರ್ತಿ ಕೇಳಿಸಿಕೊಂಡಳು. ನಡುವೆ ಒಮ್ಮೆಯೂ ‘ಇರ್ಲಿ ಬಿಡ್ರಿ’ ಎನ್ನಲಿಲ್ಲ.